ಐ5-8400ಗೆ ಹಳೆ ಎಚ್110 ಬೋರ್ಡ್ ಆಗ್ತದಾ?

ಇಂಟೆಲ್ ಐ5-8400 (8ನೇ ತಲೆಮಾರಿನ ಪ್ರೊಸೆಸರ್) ಇರುವ ಕಂಪ್ಯೂಟರಿನ ಮದರ್‌ಬೋರ್ಡ್ ಹೋಗಿದೆ, ಎರಡೂ 1151 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಹಾಗಾದ್ರೆ ಅಗ್ಗದ ಎಚ್110 ಯಾಕಾಗಬಾರದು ಅಂತ ಕೇಳಿದ್ದೀರಿ. ಪ್ರೊಸೆಸರ್ ಚಂದಕ್ಕೆ ಕೂರ್ತದೆ, ಕಂಪ್ಯೂಟರ್ ಏಳುವುದಿಲ್ಲ ಮಾರಾಯ್ರೆ.

ಇಂಟೆಲ್ 2015ರಲ್ಲಿ 6ನೇ ತಲೆಮಾರಿಗೆ ತಂದ ಸಾಕೆಟನ್ನೇ 2017ರಲ್ಲಿ 8ನೇ ತಲೆಮಾರಿಗೂ ಇಟ್ಟುಕೊಂಡಿತು. ಗಾತ್ರ, ಕಚ್ಚು, ಪಿನ್ನುಗಳ ಲೆಕ್ಕ ಎಲ್ಲ ಅದೇ. ಆದರೆ ಮೊದಲು ಕಾದಿರಿಸಿದ್ದ ಪಿನ್ನುಗಳಲ್ಲಿ ಹಲವನ್ನು ಬೇರೆ ಕೆಲಸಕ್ಕೆ ಹಚ್ಚಿದರು: ಕರೆಂಟಿನ ಪಿನ್ 18, ಗ್ರೌಂಡ್ 14 ಹೆಚ್ಚಾಯಿತು. ಬಯಾಸ್ (ಬೋರ್ಡನ್ನು ಎಬ್ಬಿಸುವ ತಂತ್ರಾಂಶ) ಬೇರೆ, ಚಿಪ್‌ಸೆಟ್ (ಬೋರ್ಡಿನ ಮುಖ್ಯ ಚಿಪ್, ಬೋರ್ಡನ್ನು ಕರೆಯುವುದೂ ಅದರ ಹೆಸರಿನಲ್ಲೇ) ಬೇರೆ. ಎಚ್110, ಬಿ150, ಬಿ250, ಝಡ್270 ಇವೆಲ್ಲ 6 ಮತ್ತು 7ನೇ ತಲೆಮಾರಿಗೆ. ನಿಮಗೆ ಬೇಕಾದ್ದು ಎಚ್310, ಬಿ360, ಬಿ365, ಝಡ್370, ಝಡ್390. ಬಯಾಸ್ ತಿದ್ದಿ ಓಡಿಸುವವರೂ ಉಂಟು. ಮನೆಯ ಕಂಪ್ಯೂಟರಿಗೆ ಅದು ಬೇಡ.

ನಾನಾದರೆ ಬಿ365 ಹುಡುಕುತ್ತೇನೆ. ಎಚ್310ನಲ್ಲಿ ಚಿಪ್‌ಸೆಟ್‌ನ ಪಿಸಿಐಇ (ಡಿಸ್ಕು, ಕಾರ್ಡುಗಳ ಮಾಹಿತಿ ಓಡುವ ದಾರಿ) ಇನ್ನೂ 2.0, ಎನ್‌ವಿಎಂಇ ಡಿಸ್ಕಿನ (ಅತಿವೇಗದ ಎಸ್‌ಎಸ್‌ಡಿ) ವೇಗ ಅಲ್ಲೇ ಸಾಯ್ತದೆ. ಎಚ್310ರಲ್ಲೂ ಹಳೆ ಡಿಡಿಆರ್3 ಮೆಮೊರಿಯ ಬೋರ್ಡುಗಳುಂಟು, ನಿಮ್ಮ ರ‍್ಯಾಮ್ ಡಿಡಿಆರ್4 ಆದರೆ ಅವು ಆಗ್ಲಿಕ್ಕಿಲ್ಲ. ಡೆಲ್, ಎಚ್‌ಪಿಯ ಕಂಪನಿ ಪೆಟ್ಟಿಗೆಯಾದರೆ ಮೊದಲು ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ) ಕನೆಕ್ಟರ್ ನೋಡಿ. 24 ಪಿನ್ನಿನದ್ದಲ್ಲದಿದ್ದರೆ ಬೇರೆ ಬೋರ್ಡಿಗೆ ನೇರ ಹೊಂದುವುದಿಲ್ಲ.

ಅದಿರಲಿ, ಬೋರ್ಡೇ ಹೋಗಿದೆ ಅಂತ ಹೇಳಿದ್ದು ಯಾರು? ಮಂಗಳೂರು, ಉಡುಪಿಯ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ರ‍್ಯಾಮಿನ ಬಂಗಾರದ ಅಂಚು ಮಂಕಾಗ್ತದೆ. ರಬ್ಬರಿನಿಂದ ಉಜ್ಜಿ, ಒಂದೇ ರ‍್ಯಾಮ್ ಹಾಕಿ ನೋಡಿ. ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ. ಬೇರೆ ಎಸ್‌ಎಂಪಿಎಸ್ ಸಿಕ್ಕಿದರೆ ಅದನ್ನೂ ಹಾಕಿ. ಮಲ್ಟಿಮೀಟರಿನಲ್ಲಿ 12 ವೋಲ್ಟಿನ ತಂತಿ 11.4ಕ್ಕಿಂತ ಕೆಳಗೆ ಇಳಿದರೆ ರೋಗ ಅಲ್ಲೇ. ಸಿಡಿಲಿನ ನಂತರ ಹೋದದ್ದಾದರೆ ಮಾತ್ರ ಬೋರ್ಡಿನ ಮೇಲೆ ನನಗೆ ಹೆಚ್ಚು ಗುಮಾನಿ.

ಬೋರ್ಡ್ ಬದಲಾದರೆ ಒಇಎಂ (ಕಂಪ್ಯೂಟರಿನ ಜೊತೆಗೇ ಬಂದ) ವಿಂಡೋಸ್ ಲೈಸೆನ್ಸ್ ಸಾಮಾನ್ಯವಾಗಿ ಹಳೆ ಬೋರ್ಡಿನ ಜೊತೆಗೇ ಹೋಯ್ತು ಅಂತ ಲೆಕ್ಕ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ರಿಕವರಿ ಕೀ ಈಗಲೇ ಹುಡುಕಿಡಿ.

ಮಂಗಳೂರಿನ ಹಂಪನಕಟ್ಟೆಯಲ್ಲೋ ಬೇರೆಲ್ಲೋ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಪ್ರೊಸೆಸರ್, ರ‍್ಯಾಮ್ ಹಿಡಿದುಕೊಂಡೇ ಹೋಗಿ. ಟಾರ್ಚ್ ಬೆಳಕು ಬಿಟ್ಟು ಸಾಕೆಟ್ ಪಿನ್ ಒಂದೂ ಬಾಗಿಲ್ಲ ಅಂತ ನೋಡಿ, ಅಲ್ಲೇ ಆನ್ ಮಾಡಿಸಿ, ಬಯಾಸಿನಲ್ಲಿ ಎಲ್ಲ ರ‍್ಯಾಮ್ ಸ್ಲಾಟ್ ಕಾಣ್ತದಾ ಪರೀಕ್ಷಿಸಿ. ಹಿಂಬದಿಯ ಐ/ಒ ತಗಡನ್ನು (ಪೋರ್ಟುಗಳ ಸುತ್ತ ಮುಚ್ಚುವಂಥದ್ದು) ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ಆ ಕಿಂಡಿಯಿಂದ ಜಿರಲೆ, ಹಲ್ಲಿ ಒಳಗೆ ಸಂಸಾರ ಹೂಡ್ತವೆ.