ಅಲಾರಂ ಕೂಗಿದರೂ ಕಾವಲುಗಾರ ತಡವಾಗಿ ಬರುವುದೇಕೆ

ಗೋದಾಮಿನ ನೆಲಮಾಳಿಗೆಯಲ್ಲಿ ಅಲಾರಂ ಕೂಗಿದ ಮೇಲೂ ಕಾವಲುಗಾರರು ಬರಲು ಆರು ನಿಮಿಷ ಹಿಡಿಯುತ್ತದೆ, ಇನ್ನಷ್ಟು ಕ್ಯಾಮೆರಾ ಹಾಕಿಸಬೇಕೇ ಎಂದು ಕೇಳಿದ್ದೀರಿ. ಬೇಡ. ನಿಯಂತ್ರಣ ಕೊಠಡಿಯ ಸುದ್ದಿ ಕಾವಲುಗಾರನ ಕಿವಿಗೆ ಮುಟ್ಟುತ್ತಿಲ್ಲ, ಬಹುಶಃ ಇದೇ ಕಾರಣ. ಪತ್ತೆಯ ಸಾಧ್ಯತೆ 0.9 ಇದ್ದು ಸುದ್ದಿ ತಲುಪುವ ಸಾಧ್ಯತೆ 0.6 ಆಗಿದ್ದರೆ, ಎಷ್ಟೇ ವೇಗವಾಗಿ ಓಡಿದರೂ ಕಳ್ಳನನ್ನು ತಡೆಯುವ ಸಾಧ್ಯತೆ ಅವೆರಡರ ಗುಣಲಬ್ಧವಾದ 0.54 ದಾಟುವುದಿಲ್ಲ.

ಮೊದಲು ಆ ಆರು ನಿಮಿಷವನ್ನು ಒಡೆದು ನೋಡಿ. ಅಲಾರಂ ಕೂಗಿದ್ದು, ಕೊಠಡಿಯವರು ಕರೆದದ್ದು, ಕಾವಲುಗಾರ ಉತ್ತರಿಸಿದ್ದು, ಸ್ಥಳ ಮುಟ್ಟಿದ್ದು: ನಾಲ್ಕೂ ಸಮಯ ಬರೆದುಕೊಳ್ಳಿ. ಓಡಾಟಕ್ಕೇ ಹೆಚ್ಚು ಹೊತ್ತು ಹೋಗಿದ್ದರೆ ನನ್ನ ಊಹೆ ತಪ್ಪು; ಕಾವಲುಗಾರ ನಿಲ್ಲುವ ಜಾಗ ಬದಲಿಸಬೇಕು.

ಕರೆಗೂ ಉತ್ತರಕ್ಕೂ ನಡುವೆ ಹೊತ್ತು ಹೋಗಿದ್ದರೆ ವಾಕಿಟಾಕಿ ಹಿಡಿದು ಕಂಬ ಕಂಬದ ಬಳಿ ನಿಂತು ಮಾತನಾಡಿ, ಕೇಳಿಸದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ನಮ್ಮಲ್ಲಿ ಜನರೇಟರ್ ಕೋಣೆಯ ಪಕ್ಕ ಬರೀ ಕರಕರ ಸದ್ದು ಬರುತ್ತಿತ್ತು. ಎರಡು ಮೆಟ್ಟಿಲು ಹತ್ತಿದರೆ ದನಿ ಸ್ಪಷ್ಟ. ದಪ್ಪ ಕಾಂಕ್ರೀಟ್ ಸಂಕೇತವನ್ನು ನುಂಗಿಬಿಡುತ್ತದೆ. ಅಂಥ ಕಡೆ ತಂತಿಯ ಇಂಟರ್‌ಕಾಂ ಹಾಕಿಸಿ, ಅದೇ ಅಗ್ಗ. ಸಂಕೇತವನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಕೊಳ್ಳುವ ಮುನ್ನ ಪರವಾನಗಿಯ ವಿಷಯ ವಿಚಾರಿಸಿಕೊಳ್ಳಿ.

ಕರೆಯುವುದೇ ತಡವಾಗಿದ್ದರೆ ಮಾತನ್ನು ಗೊತ್ತುಮಾಡಿ. ‘ಕೆಳಗೇನೋ ಆಗಿದೆ, ನೋಡಪ್ಪ’ ಎಂದರೆ ಸಾಲದು. ‘ನೆಲಮಾಳಿಗೆ, ಉತ್ತರದ ಬಾಗಿಲು, ಇಬ್ಬರು ಹೋಗಿ’ ಎನ್ನಬೇಕು, ಕೇಳಿದವನು ಅದನ್ನೇ ಮರಳಿ ಹೇಳಬೇಕು.

ಪಾಳಿ ಬದಲಾಗುವಾಗ ಬ್ಯಾಟರಿಯನ್ನೂ ಬದಲಿಸಿ. ನಂತರ ರಾತ್ರಿ ಪಾಳಿಯವರೊಂದಿಗೇ ಮತ್ತೆ ಸಮಯ ಅಳೆಯಿರಿ.