ಹಳೆ ಸ್ಟೇಷನ್ನಿನಲ್ಲಿ ಎಂತ ಉಂಟು?

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಓದುಗರೊಬ್ಬರ ಪತ್ರದಿಂದ: “ಕಳೆದ ಸಂಚಿಕೆಯಲ್ಲಿ ನಮ್ಮ ಹಳೆ ರೈಲ್ವೆ ಸ್ಟೇಷನ್ ಬಗ್ಗೆ ಅಷ್ಟುದ್ದ ಬರೆದಿದ್ದೀರಿ. ಅದರಲ್ಲಿ ಎಂತ ಉಂಟು? ನಮಗೆ ರೈಲು ನಿಲ್ಲಬೇಕು. ಅದನ್ನು ಬರೆಯಿರಿ.”

ಸಂಪಾದಕರ ಉತ್ತರ:

ರೈಲು ನಿಲ್ಲಬೇಕು, ಒಪ್ಪಿದೆ. ಮಳೆಗೆ ನೆನೆಯದೆ ಕಾಯಲು ಪ್ಲಾಟ್‌ಫಾರ್ಮಿಗೆ ಮಾಡು ಕೂಡ ಬೇಕು. ಆದರೆ “ಎಂತ ಉಂಟು” ಅಂತ ಕೇಳಿದಿರಲ್ಲ, ಅದಕ್ಕೆ ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ.

ಮಲಬಾರಿನ ಬೇಪೂರು–ತಿರೂರು ನಡುವೆ ರೈಲು ಓಡಿದ್ದು 1861ರಲ್ಲಿ. ಅದು ಮಂಗಳೂರು ಮುಟ್ಟುವಾಗ 1907 ಆಗಿತ್ತು. ಅಲ್ಲಿಯವರೆಗೆ ಕಾಸರಗೋಡಿನಿಂದ ಮಂಗಳೂರಿಗೆ ಹೊರಟವರಿಗೆ ಮೊಗ್ರಾಲಿನಲ್ಲೊಂದು ಹೊಳೆ, ಶಿರಿಯದಲ್ಲೊಂದು ಹೊಳೆ, ಕೊನೆಗೆ ನೇತ್ರಾವತಿ. ಆಟಿ ತಿಂಗಳ ಮಳೆಯಲ್ಲಿ ದೋಣಿ ದಾಟುವುದೆಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ.

ಮುಖ್ಯ ಸಂಗತಿ ಇನ್ನೂ ಇದೆ. ಹಾಸನದಿಂದ ಮಂಗಳೂರಿಗೆ ರೈಲು ಬಂದದ್ದು 1979ರಲ್ಲಿ. ಅಂದರೆ 72 ವರ್ಷ ಮಂಗಳೂರಿನಿಂದ ದೂರದೂರಿಗೆ ಹೊರಟ ರೈಲಿಗೆ ಇದ್ದದ್ದು ಒಂದೇ ದಾರಿ: ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು. ಬೆಂಗಳೂರಿಗೆ ರೈಲಲ್ಲಿ ಹೋಗುವವರೂ ಶೊರನೂರು, ಪಾಲಕ್ಕಾಡು ಸುತ್ತಿಯೇ ಹೋಗಬೇಕಿತ್ತು. ಕನ್ನಡ ಕರಾವಳಿಯ ಹೆಬ್ಬಾಗಿಲು ನಿಮ್ಮ ಮನೆಯೆದುರೇ ಇತ್ತು ಮಾರಾಯ್ರೇ!

ಹೋಗುವ, ಬರುವ ಗಾಡಿಗಳಿಗೆಲ್ಲ ಒಂದೇ ಹಳಿಯಿದ್ದ ಸಿಂಗಲ್ ಲೈನಿನ ಕಾಲವನ್ನು ನಾನು ಕಂಡವನು. ಬೆತ್ತದ ದೊಡ್ಡ ಬಳೆ, ಅದಕ್ಕೆ ಕಟ್ಟಿದ ತೊಗಲಿನ ಚೀಲ, ಚೀಲದೊಳಗೆ ಟೋಕನ್, ಅಂದರೆ ಗಾಡಿ ಮುಂದೆ ಹೋಗಲು ಅಪ್ಪಣೆಯ ಗುರುತು. ಸ್ಟೇಷನ್ನಿನ ನೌಕರ ಪಾಯಿಂಟ್ಸ್‌ಮನ್ ಅದನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ. ನಿಲ್ಲದ ಗಾಡಿಯಾದರೆ ಇಂಜಿನಿನಿಂದ ಚಾಚಿದ ಕೈ ಬಳೆಯೊಳಗೆ ತೂರಿ ಹಾಗೇ ಎಳೆದುಕೊಂಡು ಹೋಗುತ್ತಿತ್ತು. ಟೋಕನ್ ಸಿಗದೆ ಮುಂದಿನ ಸ್ಟೇಷನ್ನಿಗೆ ಹೋಗುವ ಹಾಗಿರಲಿಲ್ಲ. ಎದುರಿನಿಂದ ಇನ್ನೊಂದು ಗಾಡಿ ಬಾರದಂತೆ ಕಾಯುತ್ತಿದ್ದದ್ದು ಅದೇ. ಸಾವಿರಾರು ಜನರ ಜೀವ ಆ ಕೈಗಳಲ್ಲಿತ್ತು. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

1956ರ ನವೆಂಬರ್ 1ರಂದು ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ್ ಆಯೋಗ ಹೇಳಿತು. ಸೇರಿಸಲಿಲ್ಲ. ಆ ನೋವು ಒಂದು ಕಡೆ ಇರಲಿ. ನನಗೆ ಜಾಸ್ತಿ ಸಿಟ್ಟು ಬರುವುದು ಪುಸ್ತಕಗಳ ಮೇಲೆ. ಕರ್ನಾಟಕದವರ ಚರಿತ್ರೆ ಗಡಿಯ ತಲಪಾಡಿಯಲ್ಲಿ ನಿಂತುಬಿಡುತ್ತದೆ. ಕೇರಳದವರು ನಮ್ಮನ್ನು ಕೊನೆಯ ನಾಲ್ಕು ಸಾಲಿಗೆ ಮುಗಿಸುತ್ತಾರೆ. ಗೋವಿಂದ ಪೈಗಳು ಮಂಜೇಶ್ವರದಲ್ಲೇ ಕೂತು ಇಸವಿ, ಶಾಸನಗಳ ಬೆನ್ನು ಹತ್ತಿದವರು. ಅಂಥವರ ನೆರೆಕರೆಯಲ್ಲಿ ಬೆಳೆದ ನಾವು ನಮ್ಮ ಸ್ಟೇಷನ್ನಿನ ಕಥೆಯನ್ನೂ ಬರೆದಿಡದಿದ್ದರೆ ಹೇಗೆ?

ನಿಮ್ಮ ಪತ್ರದಲ್ಲೇ ಒಂದು ಸಾಲು ಉಂಟು: ಅಜ್ಜಿ ಬಾಣಂತನ ಮುಗಿಸಿ ಕೂಸನ್ನೆತ್ತಿಕೊಂಡು ಇದೇ ಸ್ಟೇಷನ್ನಿನಲ್ಲಿ ಇಳಿದರಂತೆ. ಅವರನ್ನು ಕೂರಿಸಿ ಕೇಳಿ. ಟಿಕೆಟಿಗೆ ಎಷ್ಟು ಕೊಟ್ಟರು, ಗಾಡಿ ಎಷ್ಟು ಹೊತ್ತು ನಿಂತಿತು, ತೊಟ್ಟಿಲು ಇಳಿಸಿಕೊಟ್ಟದ್ದು ಯಾರು, ರಾತ್ರಿ ಎಂಥ ದೀಪ ಇತ್ತು. ಎಲ್ಲ ಬರೆದು ಕಳಿಸಿ, ಅಚ್ಚು ಹಾಕುತ್ತೇನೆ. ರೈಲು ನಿಲ್ಲಿಸಿ ಅಂತ ಮನವಿ ಕೊಡುವಾಗ ಅದರ ಒಂದು ಪ್ರತಿಯನ್ನೂ ಜೊತೆಗೆ ಇಡಿ.