ಎಲೆಗಳೆಲ್ಲ ಉದುರಿದ ಡೆಂಡ್ರೋಬಿಯಂ ಆರ್ಕಿಡ್‌ಗೆ ಈಗ ಹೆಚ್ಚು ನೀರು ಹಾಕಬೇಕೇ?

ಉಡುಪಿಯ ನಿಮ್ಮ ಮನೆಯಲ್ಲಿ ತೂಗುಹಾಕಿರುವ ಡೆಂಡ್ರೋಬಿಯಂ ಅನೋಸ್ಮಂ ಡಿಸೆಂಬರಿನಲ್ಲಿ ಎಲೆಗಳನ್ನೆಲ್ಲ ಉದುರಿಸಿದೆ, ಕಾಂಡಗಳೂ ಸುಕ್ಕುಗಟ್ಟುತ್ತಿವೆ ಎಂದು ಬರೆದಿದ್ದೀರಿ. ಈ ಜಾತಿಯ ಸೀತಾಳೆಗೆ ಇದು ವಿಶ್ರಾಂತಿಯ ಕಾಲ. ಎಲೆ ಬಿದ್ದ ಮಾತ್ರಕ್ಕೆ ಗಿಡ ಸತ್ತಿತೆಂದು ತಿಳಿಯಬೇಡಿ, ನೀರನ್ನಂತೂ ಹೆಚ್ಚಿಸಲೇಬೇಡಿ. ನಮ್ಮ ಪಶ್ಚಿಮ ಘಟ್ಟದ ಡೆಂಡ್ರೋಬಿಯಂ ಬಾರ್ಬಟುಲಂ ಕೂಡ ಮಳೆಗಾಲ ಕಳೆದ ಮೇಲೆ ಎಲೆ ಉದುರಿಸಿ, ಬೋಳು ಕಾಂಡದಲ್ಲಿಯೇ ಹೂ ಬಿಡುತ್ತದೆ.

ಈಗ ನೋಡಬೇಕಾದದ್ದು ಕಾಂಡವನ್ನು. ಬೆರಳುಗಳ ನಡುವೆ ಮೆಲ್ಲನೆ ಒತ್ತಿ ನೋಡಿ: ಗಟ್ಟಿಯಾಗಿದ್ದು, ಮೇಲೆ ಉದ್ದುದ್ದ ಗೆರೆಗಳಷ್ಟೇ ಮೂಡಿದ್ದರೆ ಗಿಡ ತನ್ನಲ್ಲಿ ಕೂಡಿಟ್ಟ ನೀರನ್ನು ಬಳಸಿಕೊಳ್ಳುತ್ತಿದೆ ಎಂದರ್ಥ, ಕಪ್ಪಾಗಿ ಮೆತ್ತಗಾಗಿ ನೀರು ಜಿನುಗುತ್ತಿದ್ದರೆ ಅದು ಕೊಳೆತ, ಆ ಭಾಗವನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿದ ಕತ್ತಿಯಿಂದ ಕೂಡಲೇ ಕತ್ತರಿಸಿ ತೆಗೆಯಬೇಕು. ಬೇರುಗಳ ಮೇಲಿರುವ ಸ್ಪಂಜಿನಂತಹ ಬಿಳಿ ಹೊದಿಕೆ ನೀರು ತಾಗಿದೊಡನೆ ಹಸಿರಾಗಿ, ಒಣಗಿದಾಗ ಮತ್ತೆ ಬೆಳ್ಳಗಾಗುವುದರಿಂದ, ನೀರು ಸಾಕೋ ಬೇಕೋ ಎಂಬುದನ್ನು ಅದೇ ತಿಳಿಸುತ್ತದೆ.

ನಾನು ಮಂಗಳೂರಿನಲ್ಲಿ ಇಂತಹ ಗಿಡಗಳಿಗೆ ಜನವರಿ, ಫೆಬ್ರವರಿಯಲ್ಲಿ ವಾರಕ್ಕೊಮ್ಮೆ, ಅದೂ ಬೆಳಿಗ್ಗೆ ಬೇಗ, ಬೇರು ನೆನೆಯುವಷ್ಟು ಮಾತ್ರ ನೀರು ಚಿಮುಕಿಸುತ್ತೇನೆ. ಮಧ್ಯಾಹ್ನದೊಳಗೆ ಎಲ್ಲವೂ ಒಣಗಬೇಕು. ಕರಾವಳಿಯ ಗಾಳಿಯಲ್ಲಿ ಚಳಿಗಾಲದಲ್ಲಿಯೂ ಸಾಕಷ್ಟು ತೇವವಿರುತ್ತದೆ ಎಂಬುದನ್ನು ಮರೆತು, ಘಟ್ಟದ ಮೇಲಿನ ಒಣ ಊರುಗಳಿಗಾಗಿ ಬರೆದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಬೇರು ಕೊಳೆಯುವುದು ಖಚಿತ. ತೆಂಗಿನ ಸಿಪ್ಪೆ ತುಂಬಿದ ಕುಂಡವಾದರೆ ಇನ್ನೂ ಜಾಗ್ರತೆ ಬೇಕು, ಸಿಪ್ಪೆ ಹೊರಗೆ ಒಣಗಿ ಕಂಡರೂ ಒಳಗೆ ಬಹಳ ದಿನ ನೀರು ಹಿಡಿದಿರುತ್ತದೆ. ಇದ್ದಿಲು ಮತ್ತು ಹಂಚಿನ ಚೂರುಗಳು ನಮ್ಮ ಹವೆಗೆ ಹೆಚ್ಚು ಒಗ್ಗುತ್ತವೆಯಾದರೂ ಕುಂಡ ಬದಲಿಸುವ ಕೆಲಸವನ್ನು ಹೊಸ ಚಿಗುರು ಬರುವವರೆಗೆ ಮುಂದೂಡಿ.

ಗೊಬ್ಬರವನ್ನು, ಸೆಗಣಿ ನೀರನ್ನೂ ಸೇರಿಸಿ, ಪೂರ್ತಿಯಾಗಿ ನಿಲ್ಲಿಸಿ. ಈ ಹೊತ್ತಿನಲ್ಲಿ ಸಾರಜನಕವೂ ನೀರೂ ಸಿಕ್ಕರೆ ಕಾಂಡದ ಗಿಣ್ಣುಗಳಲ್ಲಿ ಮೊಗ್ಗು ಬರಬೇಕಾದ ಕಡೆ ಮರಿಗಿಡಗಳು ಮೂಡುತ್ತವೆ. ಬೋಳಾಗಿವೆಯೆಂದು ಹಳೆಯ ಕಾಂಡಗಳನ್ನು ದಯವಿಟ್ಟು ಕತ್ತರಿಸಬೇಡಿ, ನಿಮ್ಮ ಗಿಡ ಹೂ ಬಿಡುವುದು ಅವುಗಳಲ್ಲಿಯೇ. ಬೆಳಗಿನ ಎಳೆ ಬಿಸಿಲು ಒಳ್ಳೆಯದು. ಮಾರ್ಚ್ ನಂತರದ ಪಡುವಣ ಬಿಸಿಲಿಗೆ ನೆರಳುಬಲೆ ಬೇಕು.

ಈ ಕ್ರಮ ಎಲ್ಲ ಆರ್ಕಿಡ್‌ಗಳಿಗೂ ಸಲ್ಲುವುದಿಲ್ಲ. ಫಲನಾಪ್ಸಿಸ್ ಮತ್ತು ವ್ಯಾಂಡಾಗಳಿಗೆ ನೀರು ಕೂಡಿಡುವ ದಪ್ಪ ಕಾಂಡವಿಲ್ಲ, ಆದ್ದರಿಂದ ಅವುಗಳನ್ನು ಹೀಗೆ ಒಣಗಿಸಬಾರದು.

ಹೂ ಮುಗಿದು ಬುಡದಲ್ಲಿ ಹೊಸ ಚಿಗುರು ಕಂಡಾಗಲೂ ಆತುರ ಬೇಡ. ಚಿಗುರಿನ ಸ್ವಂತ ಬೇರುಗಳು ಎರಡು ಅಂಗುಲವಾದರೂ ಉದ್ದವಾದ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಅನಂತರ ತೆಳುವಾದ ಗೊಬ್ಬರ ಆರಂಭಿಸಿ.